ಸಾಲ ಮಾಡಿಯಾದರೂ ದಾನ ಮಾಡು

ಕಲಿಗಾಲದಲ್ಲಿ ದಾನಿಗಳೇ ಇಲ್ಲ ಎಂದು ಕೊರಗುವವರು ಒಮ್ಮೆ ಬೆಂಗಳೂರಿನ ವೈಟ್‌ಫೀಲ್ಡ್ ಕಡೆಗೋ ಸರ್ಜಾಪುರ ರಸ್ತೆಗೋ ಹೋಗಿ ತಲೆಯೆತ್ತಿ ನೋಡಬೇಕು. ಮೋಡಕ್ಕೆ ತಾಗುವಂತೆ ನಿಂತ ಒಂದೊಂದು ಅಪಾರ್ಟ್‌ಮೆಂಟಿನಲ್ಲೂ ದಾನಶೂರರ ದಂಡೇ ಇದೆ. ಕರ್ಣ ಕೊಟ್ಟದ್ದು ತನ್ನ ಮೈಮೇಲಿದ್ದ ಕವಚವನ್ನು. ಅದಕ್ಕಾಗಿ ಅವನು ಎಲ್ಲೂ ಸಾಲ ಮಾಡಿರಲಿಲ್ಲ. ನಮ್ಮ ಬೆಂಗಳೂರಿನ ಕರ್ಣರು ಬ್ಯಾಂಕಿನಲ್ಲಿ ಇಪ್ಪತ್ತು ವರ್ಷದ ಸಾಲ ಎತ್ತಿ, ಅದಕ್ಕೆ ಬಡ್ಡಿ ಕಟ್ಟಿ, ಮೊನ್ನೆಯವರೆಗೆ ಮುಖ ಕಂಡಿರದ ಬಾಡಿಗೆದಾರನಿಗೆ ಅರ್ಧ ಬೆಲೆಗೆ ಮನೆ ಒದಗಿಸುತ್ತಾರೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುತ್ತಾರಲ್ಲ, ಇಲ್ಲಿ ಬಲಗೈಗೂ ತಿಳಿದಿಲ್ಲ. ದಾನ ಪಡೆದವನು ಬಾಡಿಗೆ ಜಾಸ್ತಿಯಾಯಿತೆಂದು ಗೊಣಗುತ್ತಾನೆ. ಕೊಟ್ಟವನು ತಾನು ವ್ಯಾಪಾರ ಮಾಡುತ್ತಿದ್ದೇನೆಂದು ನಂಬಿದ್ದಾನೆ. ಆ ವ್ಯಾಪಾರಕ್ಕೆ ಅವನಿಟ್ಟ ಹೆಸರು ಕ್ಯಾಷ್ ಫ್ಲೋ.

ನಮ್ಮ ಷಡ್ಡಕರು ಈ ದಾನಪರಂಪರೆಯ ಹೊಸ ಕುಡಿ. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಕೈತುಂಬ ಸಂಬಳ, ತಲೆತುಂಬ ಯೂಟ್ಯೂಬು. ಹಬ್ಬಕ್ಕೆ ಬಂದವರು ಒಬ್ಬಟ್ಟಿಗೆ ಎರಡನೇ ಸಲ ತುಪ್ಪ ಹಾಕಿಸಿಕೊಳ್ಳುತ್ತಾ, "ಭಾವ, ನಾವು ದುಡ್ಡಿಗೋಸ್ಕರ ದುಡೀಬಾರದು, ದುಡ್ಡು ನಮಗೋಸ್ಕರ ದುಡೀಬೇಕು" ಎಂದರು.

"ಹಾಗಾದ್ರೆ ನಿಮ್ಮ ದುಡ್ಡು ಈಗ ಎಲ್ಲಿ ಕೆಲಸ ಮಾಡ್ತಿದೆ?"

"ಎರಡು ಫ್ಲ್ಯಾಟ್ ತಗೊಂಡು ಬಾಡಿಗೆಗೆ ಬಿಟ್ಟಿದ್ದೀನಿ. ತಿಂಗಳಾ ತಿಂಗಳಾ ಕ್ಯಾಷ್ ಫ್ಲೋ. ಐವತ್ತಕ್ಕೆ ರಿಟೈರ್ ಆಗಿಬಿಡ್ತೀನಿ, ನೋಡ್ತಾ ಇರಿ."

ಪಕ್ಕದಲ್ಲಿ ಬಡಿಸುತ್ತಿದ್ದ ನನ್ನ ನಾದಿನಿ ಸೌಟನ್ನು ಪಾತ್ರೆಗೆ ಸ್ವಲ್ಪ ಜೋರಾಗಿಯೇ ಬಡಿದಳು. "ಆ ಕ್ಯಾಷ್ ಫ್ಲೋ ಶುರುವಾದಾಗಿನಿಂದ ನಮ್ಮನೇಲಿ ಮಡಿಕೇರಿ ಪ್ರವಾಸ ಬಂದ್, ಹೋಟೆಲ್ ಬಂದ್. ಮೊನ್ನೆ ಮಿಕ್ಸಿ ಕೆಟ್ಟರೆ ರಿಪೇರಿ ಮಾಡಿಸು ಅಂದ್ರು ಭಾವ, ಹೊಸದು ಬೇಡ್ವಂತೆ."

ಮಿಕ್ಸಿಗೂ ಫ್ಲ್ಯಾಟಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಲೆಕ್ಕ ಹಾಕಿಯೇ ನೋಡೋಣ. ಸುಲಭವಾಗಲೆಂದು ಫ್ಲ್ಯಾಟಿನ ಬೆಲೆ ಒಂದು ಕೋಟಿ ಎಂದಿಟ್ಟುಕೊಳ್ಳಿ. ಬೆಂಗಳೂರಿನ ಐಟಿ ಸೀಮೆಯಲ್ಲಿ ಈಗ ಒಂದು ಕೋಟಿ ಅಂದರೆ ಎರಡು ಕೋಣೆ, ಬಟ್ಟೆ ಒಣಗಿಸಲು ಸಾಲದ ಒಂದು ಬಾಲ್ಕನಿ ಮತ್ತು ಪಕ್ಕದ ಮನೆಯ ಒಗ್ಗರಣೆಯ ಘಮ. ಗೃಹಸಾಲ 75 ಲಕ್ಷ ದಾಟಿದರೆ ಮನೆ ಬೆಲೆಯ ಶೇ 75ಕ್ಕಿಂತ ಹೆಚ್ಚು ಕೊಡಬೇಡಿ ಎಂದು ರಿಸರ್ವ್ ಬ್ಯಾಂಕು ಹೇಳಿದೆ. ಆದ್ದರಿಂದ ಸಾಲ 75 ಲಕ್ಷ, ಕೈಯಿಂದ 25 ಲಕ್ಷ. ಪೂರ್ತಿ ಬೆಲೆಗೆ ನೋಂದಣಿ ಮಾಡಿಸಿದರೆ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, ಸರ್ಚಾರ್ಜು ಸೇರಿ ಶೇ 5.6. ನೋಂದಣಿ ಶುಲ್ಕ ಶೇ 1 ಇದ್ದದ್ದನ್ನು 2025ರ ಆಗಸ್ಟ್ 31ರಿಂದ ಸರ್ಕಾರ ಶೇ 2 ಮಾಡಿತು. ಅಲ್ಲಿಗೆ 7.6 ಲಕ್ಷ ಸರ್ಕಾರಕ್ಕೆ ದಕ್ಷಿಣೆ. ಬ್ರೋಕರ್ ಕಮಿಷನ್ನು, ವಾರ್ಡ್‌ರೋಬು, ಮಾಡ್ಯುಲರ್ ಅಡುಗೆಮನೆ, ಚಿಮಣಿ, ಗೀಸರು ಎಲ್ಲ ಮುಗಿಯುವ ಹೊತ್ತಿಗೆ ಕೈಯಿಂದ ಹೋದದ್ದು ಸುಮಾರು 38 ಲಕ್ಷ. ಇದೇ ಹಣ ಶೇ 6.5ರ ಠೇವಣಿಯಲ್ಲಿ ಕೂತಿದ್ದರೆ ತಿಂಗಳಿಗೆ ಇಪ್ಪತ್ತು ಸಾವಿರ ಚಿಲ್ಲರೆ ಬಡ್ಡಿ ತರುತ್ತಿತ್ತು. ಅದಕ್ಕೆ ಚಿಮಣಿಯೂ ಬೇಕಿರಲಿಲ್ಲ.

ಇನ್ನು ಸಾಲ. ಶೇ 8.5 ಬಡ್ಡಿ, 20 ವರ್ಷ. ತಿಂಗಳ ಕಂತು 65,087 ರೂಪಾಯಿ. ಇಂಥ ಮನೆಗೆ ಬಾಡಿಗೆ 30 ಸಾವಿರ ಅನ್ನಿ. ಅಂದರೆ ಬೆಲೆಯ ಶೇ 3.6. ನಮ್ಮ ನಗರಗಳಲ್ಲಿ ವಾಸದ ಮನೆಗಳ ಬಾಡಿಗೆ ಹುಟ್ಟುವಳಿ ಶೇ 3ರ ಆಚೀಚೆ ಓಡಾಡುವಂಥದ್ದು, ಹಾಗಾಗಿ ಷಡ್ಡಕರಿಗೆ ನಾನು ಅನ್ಯಾಯವನ್ನೇನೂ ಮಾಡುತ್ತಿಲ್ಲ. ಆಸ್ತಿ ತೆರಿಗೆ, ಒಬ್ಬ ಬಿಟ್ಟು ಇನ್ನೊಬ್ಬ ಬರುವ ತನಕದ ಖಾಲಿ ತಿಂಗಳು, ಸೋರುವ ನಲ್ಲಿ, ಸುಟ್ಟುಹೋಗುವ ಗೀಸರು ಕಳೆದರೆ ಕೈಗೆ 26 ಸಾವಿರ. ಉಳಿದ 39 ಸಾವಿರ ಸಂಬಳದಿಂದ ಹೋಗಬೇಕು. ಎರಡು ಫ್ಲ್ಯಾಟಿಗೆ 78 ಸಾವಿರ. ಮಿಕ್ಸಿಯ ಕತೆ ಇಷ್ಟೇ.

ಇದರೊಳಗೆ ಇನ್ನೊಂದು ಸ್ವಾರಸ್ಯವಿದೆ. ಮೊದಲ ತಿಂಗಳ ಕಂತಿನಲ್ಲಿ 53,125 ರೂಪಾಯಿ ಬರೀ ಬಡ್ಡಿ. ಬಡ್ಡಿಯೆಂದರೆ ಬ್ಯಾಂಕು ತನ್ನ ಹಣಕ್ಕೆ ಕೇಳುವ ಬಾಡಿಗೆ ತಾನೆ? ಮನೆಯ ಮುಕ್ಕಾಲು ಪಾಲಿನ ಹಣ ಬ್ಯಾಂಕಿನದು. ಅಂದರೆ ಷಡ್ಡಕರು ಮುಕ್ಕಾಲು ಮನೆಯನ್ನು 53 ಸಾವಿರಕ್ಕೆ ಬಾಡಿಗೆಗೆ ಹಿಡಿದು, ತಮ್ಮದೇ ಕಾಲು ಮನೆಯನ್ನು ಅದಕ್ಕೆ ಪುಕ್ಕಟೆ ಸೇರಿಸಿ, ಪೂರ್ತಿ ಮನೆಯನ್ನು 30 ಸಾವಿರಕ್ಕೆ ಮರುಬಾಡಿಗೆ ಕೊಟ್ಟಿದ್ದಾರೆ. ಇಂಥ ವ್ಯಾಪಾರವನ್ನು ಕೆ.ಆರ್. ಮಾರುಕಟ್ಟೆಯಲ್ಲಿ ಮಾಡಿದರೆ ಮನೆಯವರು ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗುತ್ತಾರೆ. ಫ್ಲ್ಯಾಟಿನಲ್ಲಿ ಮಾಡಿದರೆ ಗೃಹಪ್ರವೇಶಕ್ಕೆ ಕರೆಯುತ್ತಾರೆ.

"ಬಾಡಿಗೆ ವರ್ಷಾ ವರ್ಷಾ ಏರುತ್ತೆ ಭಾವ, ಕಂತು ಹಾಗೇ ಇರುತ್ತೆ" ಎಂಬುದು ಅವರ ಮೊದಲ ವಾದ. ಏರುತ್ತದೆ, ನಿಜ. ವರ್ಷಕ್ಕೆ ಶೇ 5ರಂತೆ ಒಂದು ವರ್ಷವೂ ತಪ್ಪದೆ ಏರಿದರೆ 30 ಸಾವಿರದ ಬಾಡಿಗೆ 65 ಸಾವಿರದ ಕಂತನ್ನು ಮುಟ್ಟುವುದು 16 ವರ್ಷ ಕಳೆದ ಮೇಲೆ. ಷಡ್ಡಕರಿಗೆ ಆಗ ಐವತ್ತು ದಾಟಿರುತ್ತದೆ. ಸಾಲ ತೀರಲು ಇನ್ನೂ ನಾಲ್ಕು ವರ್ಷ ಇರುತ್ತದೆ. ರಿಟೈರ್ ಆಗುವ ಮಾತು ಇರಲಿ, ಕೆಲಸದಲ್ಲಿ ಉಳಿಸಿಕೊಂಡರೆ ಸಾಕೆಂದು ಚಾಮುಂಡಿಗೆ ಹರಕೆ ಹೊರುವ ವಯಸ್ಸದು.

ಕಂತು ಹಾಗೇ ಇರುತ್ತದೆ ಎಂಬುದಂತೂ ಇನ್ನೂ ದೊಡ್ಡ ಭಕ್ತಿ. ಷಡ್ಡಕರ ಗುರುಗಳೆಲ್ಲ ಅಮೆರಿಕದವರು. ಅಲ್ಲಿ ಮೂವತ್ತು ವರ್ಷಕ್ಕೆ ಬಡ್ಡಿ ಅಲುಗದ ಗೃಹಸಾಲವೇ ಸಾಮಾನ್ಯ. ನಮ್ಮಲ್ಲಿ ಬ್ಯಾಂಕುಗಳ ಹೊಸ ಫ್ಲೋಟಿಂಗ್ ಗೃಹಸಾಲಗಳು 2019ರ ಅಕ್ಟೋಬರಿನಿಂದ ರೆಪೊದಂಥ ಹೊರಗಿನ ದರಕ್ಕೆ ಕಟ್ಟಿಹಾಕಿಕೊಂಡಿವೆ. ರಿಸರ್ವ್ ಬ್ಯಾಂಕು ಕೆಮ್ಮಿದರೆ ಕಂತಿಗೆ ಜ್ವರ. 2022ರ ಮೇ ತಿಂಗಳಿನಿಂದ 2023ರ ಫೆಬ್ರುವರಿಯ ಒಳಗೆ ರೆಪೊ ದರ ಶೇ 4ರಿಂದ 6.5ಕ್ಕೆ ಏರಿತು. ಅದಕ್ಕೆ ಸ್ವಲ್ಪ ಮುಂಚೆ ಶೇ 6.75ರಲ್ಲಿ 75 ಲಕ್ಷ ಎತ್ತಿ 57 ಸಾವಿರ ಕಂತು ಕಟ್ಟುತ್ತಿದ್ದವನ ಬಡ್ಡಿ ಶೇ 9.25 ಮುಟ್ಟಿದಾಗ ಬಡ್ಡಿಯ ಬಾಬ್ತೇ ಹೆಚ್ಚುಕಡಿಮೆ 57 ಸಾವಿರ ಆಯಿತು. ಕಂತು ಮೊದಲಿನಷ್ಟೇ ಇಟ್ಟರೆ ಅಸಲು ಕರಗುವುದೇ ಇಲ್ಲ. ಮೊಮ್ಮಕ್ಕಳ ಕಾಲಕ್ಕೂ ಸಾಲ ಹಾಗೇ ಕಲ್ಲಿನಂತೆ. ಕೊನೆಗೆ 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಹೇಳಬೇಕಾಯಿತು: ಅವಧಿ ಎಳೆಯುವ ಮೊದಲು ಸಾಲಗಾರನನ್ನೂ ಒಂದು ಮಾತು ಕೇಳಿ, ಕಂತು ಬಡ್ಡಿಗಾದರೂ ಸಾಲುವಂತೆ ನೋಡಿಕೊಳ್ಳಿ ಎಂದು. ಆಮೇಲೆ 2025ರಲ್ಲಿ ದರ ಇಳಿಯಿತು. ಏರುವಾಗ ಲಿಫ್ಟಿನಲ್ಲಿ ಹೋದ ಬಡ್ಡಿ ಇಳಿಯುವಾಗ ಮೆಟ್ಟಿಲು ಹಿಡಿಯಿತೆಂದು ಸಾಲಗಾರರ ಗೊಣಗಾಟ ಇದ್ದೇ ಇದೆ.

ಅಮೆರಿಕದ ಗುರುಗಳಲ್ಲಿ ರಾಬರ್ಟ್ ಕಿಯೊಸಾಕಿ ಪ್ರಮುಖರು. 1997ರಲ್ಲಿ ಬಂದ ಅವರ 'ರಿಚ್ ಡ್ಯಾಡ್ ಪೂರ್ ಡ್ಯಾಡ್' ಷಡ್ಡಕರ ಮನೆಯ ದೇವರ ಗೂಡಿನ ಪಕ್ಕದಲ್ಲಿಯೇ ಇದೆ. ನಿಮ್ಮ ಜೇಬಿಗೆ ಹಣ ಹಾಕುವುದು ಆಸ್ತಿ, ಜೇಬಿನಿಂದ ಹಣ ತೆಗೆಯುವುದು ಹೊರೆ ಎಂಬುದು ಅದರ ಮೂಲಮಂತ್ರ. ಮಂತ್ರವನ್ನು ಷಡ್ಡಕರು ಬಾಯಿಪಾಠ ಮಾಡಿದ್ದಾರೆ, ಜೇಬನ್ನು ಮಾತ್ರ ಮುಟ್ಟಿ ನೋಡಿಕೊಂಡಿಲ್ಲ. ಅದೇ ಅಮೆರಿಕದಲ್ಲಿ ಬಾಡಿಗೆಗೆಂದು ಮನೆ ಕೊಳ್ಳುವವರು ಒಂದು ಅಂದಾಜು ಇಟ್ಟುಕೊಂಡಿರುತ್ತಾರೆ: ತಿಂಗಳ ಬಾಡಿಗೆ ಬೆಲೆಯ ಶೇ 1 ಇರಬೇಕು. ಆ ಲೆಕ್ಕಕ್ಕೆ ಕೋಟಿಯ ಫ್ಲ್ಯಾಟಿಗೆ ತಿಂಗಳಿಗೆ ಒಂದು ಲಕ್ಷ ಬರಬೇಕು. ನಮ್ಮಲ್ಲಿ ಬರುವುದು 30 ಸಾವಿರ. ಗುರುವಿನ ಮಾತಿನಲ್ಲಿ ಮೂರರಲ್ಲೊಂದು ಪಾಲಾದರೂ ನಡೆಸಿಕೊಟ್ಟಿದ್ದೇವಲ್ಲ ಎಂಬ ತೃಪ್ತಿ ಷಡ್ಡಕರಿಗೆ ಇರಬಹುದು.

ಅವರ ಬ್ರಹ್ಮಾಸ್ತ್ರ ಬೇರೆಯೇ ಇದೆ. "ಬೆಲೆ ಏರ್ತಿದೆ ಭಾವ!"

ಈ ಮಾತು ಹೇಳುವಾಗ ಅವರ ಮುಖದಲ್ಲಿ ಮಗ ಎಸ್ಸೆಸ್ಸೆಲ್ಸಿಯಲ್ಲಿ ರ‍್ಯಾಂಕ್ ಬಂದ ಕಳೆ. ಆದರೆ ಭಿನ್ನರಾಶಿ ಕಲಿತ ಮಗನಿಗೂ ಗೊತ್ತು, ಛೇದ ದೊಡ್ಡದಾದರೆ ಭಿನ್ನರಾಶಿ ಚಿಕ್ಕದಾಗುತ್ತದೆ. 50 ಲಕ್ಷದ ಮನೆಗೆ 20 ಸಾವಿರ ಬಾಡಿಗೆ ಬರುತ್ತಿದ್ದಾಗ ಹುಟ್ಟುವಳಿ ಶೇ 4.8. ಬೆಲೆ ಕೋಟಿಯಾಗಿ ಬಾಡಿಗೆ 30 ಸಾವಿರ ಆದಾಗ ಅದು ಶೇ 3.6. ಬೆಲೆ ಎಷ್ಟು ಜೋರಾಗಿ ಓಡುತ್ತದೋ, ಹೊಸದಾಗಿ ಕೊಳ್ಳುವವನ ಬಾಡಿಗೆ ವ್ಯಾಪಾರ ಅಷ್ಟು ಬಡವಾಗುತ್ತದೆ. ಕಾರಣ ಸರಳ. ಬಾಡಿಗೆಯನ್ನು ಜನ ಈ ತಿಂಗಳ ಸಂಬಳದಲ್ಲಿ ಕೊಡುತ್ತಾರೆ. ಬೆಲೆಯನ್ನು ಮುಂದಿನ ಇಪ್ಪತ್ತು ವರ್ಷದ ಸಂಬಳದಲ್ಲಿ ಕೊಡುತ್ತಾರೆ. ಇರುವ ಸಂಬಳಕ್ಕೆ ಮಿತಿಯುಂಟು, ಬರಲಿರುವ ಸಂಬಳಕ್ಕೆಲ್ಲಿಯ ಮಿತಿ?

ಬ್ರೋಕರ್ ಮಹಾಶಯರು ಬದುಕಿರುವುದೇ ಈ ಬರಲಿರುವ ಕಾಲದಲ್ಲಿ. "ಸಾರ್, ಮೆಟ್ರೋ ಬರ್ತಿದೆ" ಎಂಬುದು ಅವರ ಗಾಯತ್ರಿ. ಮೆಟ್ರೋ ಘೋಷಣೆಯಾದಾಗ ಚದರಡಿಗೆ ಒಂದಿಷ್ಟು ಏರುತ್ತದೆ, ಕಂಬ ಎದ್ದಾಗ ಇನ್ನೊಂದಿಷ್ಟು, ಪರೀಕ್ಷಾರ್ಥ ರೈಲು ಓಡಿದಾಗ ಮತ್ತೊಂದಿಷ್ಟು. ಕೊಳ್ಳುವವನು ಒಂದೇ ರೈಲಿಗೆ ಮೂರು ಸಲ ಟಿಕೆಟ್ ತೆಗೆದುಕೊಂಡಿರುತ್ತಾನೆ. ಬಾಡಿಗೆದಾರ ಜಾಣ. ವೈಟ್‌ಫೀಲ್ಡಿನ ನೇರಳೆ ಮಾರ್ಗ 2023ರ ಅಕ್ಟೋಬರಿನಲ್ಲಿ ಪೂರ್ತಿ ಕೂಡಿಕೊಂಡ ಮೇಲೆ, ಬೊಮ್ಮಸಂದ್ರದ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಓಡತೊಡಗಿದ ಮೇಲಷ್ಟೇ ಅವನು ಎರಡು ಸಾವಿರ ಹೆಚ್ಚು ಕೊಡುವ ಮಾತಾಡುತ್ತಾನೆ. ಕಂಬಕ್ಕೆ ಬಾಡಿಗೆ ಕೊಟ್ಟ ಬಾಡಿಗೆದಾರನನ್ನು ನಾನಂತೂ ಕಂಡಿಲ್ಲ.

"ಟ್ಯಾಕ್ಸ್ ಉಳಿಯುತ್ತಲ್ಲ?" ಎಂಬ ಎರಡನೆಯ ಅಸ್ತ್ರಕ್ಕೆ ತುಕ್ಕು ಹಿಡಿದು ಕಾಲವಾಯಿತು. ಬಾಡಿಗೆ ಮನೆಯ ಬಡ್ಡಿಯ ನಷ್ಟವನ್ನೆಲ್ಲ ಸಂಬಳದಿಂದ ಕಳೆಯುವ ಸುಖಕ್ಕೆ 2017ರ ಬಜೆಟ್ಟು ವರ್ಷಕ್ಕೆ ಎರಡು ಲಕ್ಷದ ಬೇಲಿ ಹಾಕಿತು. ಹೊಸ ತೆರಿಗೆ ಪದ್ಧತಿಯಲ್ಲಿ ಆ ಬೇಲಿಯೂ ಇಲ್ಲ, ಒಳಗಿದ್ದ ಹುಲ್ಲೂ ಇಲ್ಲ. ಇನ್ನು ಅಮೆರಿಕದಲ್ಲಿ ಕೂತು ಇಲ್ಲಿ ಫ್ಲ್ಯಾಟ್ ಬಾಡಿಗೆಗೆ ಬಿಟ್ಟ ನಮ್ಮ ಕನ್ನಡದ ಅನಿವಾಸಿ ಕರ್ಣರ ಪಾಡು ಬೇರೆ. ಅವರ ಬಾಡಿಗೆದಾರ ಬಾಡಿಗೆಯ ಶೇ 30ಕ್ಕೂ ಮೇಲ್ಪಟ್ಟು ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕೆಂದು ಕಾನೂನಿದೆ. ಅದನ್ನು ಕೇಳಿದ ಬಾಡಿಗೆದಾರ ಚಪ್ಪಲಿ ಹಾಕಿಕೊಳ್ಳುತ್ತಾನೆ.

ಇಷ್ಟೆಲ್ಲ ತ್ಯಾಗ ಮಾಡುವ ದಾನಿ ಪಾತ್ರರನ್ನು ಆರಿಸುವಾಗ ತೋರುವ ಗತ್ತು ಮಾತ್ರ ಮೈಸೂರು ಅರಮನೆಯದು. ತಿಂಗಳಿಗೆ 39 ಸಾವಿರ ತಾನೇ ತೆತ್ತು ಉಪಕಾರ ಮಾಡಲು ಹೊರಟವನು ಮೊದಲು ಕೇಳುವುದು, "ನೀವು ಯಾವ ಕಡೆಯೋರು?" ಊರಿನ ಹೆಸರು ಹೇಳಿದರೆ, "ಅದಲ್ಲ, ನಿಮ್ಮಲ್ಲಿ ಊಟ ತಿಂಡಿ ಎಲ್ಲಾ ಹೇಗೆ?" ಜಾತಿಯನ್ನು ಅಡುಗೆಮನೆಯ ಕಿಟಕಿಯಿಂದ ಇಣುಕಿ ನೋಡುವ ಈ ಸಭ್ಯತೆ ನಮ್ಮವರಿಗೇ ಸಾಧ್ಯ. ಬ್ಯಾಚುಲರ್ ಬೇಡ, ಬ್ಯಾಚುಲರ್ ಹುಡುಗಿಯಂತೂ ಬೇಡವೇ ಬೇಡ, ನಾಯಿ ಬೇಡ, ಮೀನು ಬೇಡ, ರಾತ್ರಿ ಹತ್ತರ ಮೇಲೆ ಬರುವ ನೆಂಟರು ಬೇಡ. 2023ರಲ್ಲಿ ಪಿಯುಸಿಯಲ್ಲಿ ಶೇ 75 ಅಂಕ ಬಂದವನಿಗೆ ಮನೆ ಕೊಡಲೊಲ್ಲೆ, ಶೇ 90 ಆದರೂ ಬೇಕು ಎಂದ ಬೆಂಗಳೂರಿನ ಮಾಲೀಕನೊಬ್ಬನ ಸುದ್ದಿ ಊರೆಲ್ಲ ಹರಿದಾಡಿತ್ತು. ಬಾಡಿಗೆದಾರನ ಅಂಕಪಟ್ಟಿ ನೋಡುವ ಮಾಲೀಕ ತನ್ನ ಕೂಡು-ಕಳೆಯುವ ಲೆಕ್ಕದ ಅಂಕಪಟ್ಟಿಯನ್ನು ಯಾರಿಗೂ ತೋರಿಸುವುದಿಲ್ಲ.

ಅಡ್ವಾನ್ಸಿನ ಕತೆಯೂ ಇಲ್ಲೇ ಬರಬೇಕು. ದಾನ ಪಡೆಯುವವನು ಮೊದಲು ದಾನಿಗೆ ಬಡ್ಡಿಯಿಲ್ಲದ ಸಾಲ ಕೊಡಬೇಕೆಂಬುದು ಬೆಂಗಳೂರಿನ ಸಂಪ್ರದಾಯ. ಹತ್ತು ತಿಂಗಳ ಬಾಡಿಗೆಯೆಂದರೆ ಮೂರು ಲಕ್ಷ. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕು ಎಂದಿತು. ಬೆಂಗಳೂರಿನ ಓನರುಗಳು ಅದನ್ನು ಓದಿ, ದೆಹಲಿಯವರಿಗೆ ತಮಾಷೆ ಮಾಡುವುದು ಗೊತ್ತು ಎಂದು ನಕ್ಕರು. ಮನೆ ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಆ ಬಣ್ಣ ಗೋಡೆಗೆ ಬೀಳುವುದು ಅಪರೂಪ. ಕರಾರು ಪತ್ರ ಯಾವಾಗಲೂ 11 ತಿಂಗಳಿಗೆ, ಯಾಕೆಂದರೆ 1908ರ ನೋಂದಣಿ ಕಾಯ್ದೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕು ಎನ್ನುತ್ತದೆ. ಇಪ್ಪತ್ತು ವರ್ಷದ ಸಾಲಕ್ಕೆ ಹನ್ನೊಂದು ತಿಂಗಳ ಆದಾಯದ ಭರವಸೆ. ಷಡ್ಡಕರ ಪಾಲಿಗೆ ಇದೇ ಭದ್ರ ಬುನಾದಿ.

ಆ ಹನ್ನೊಂದು ತಿಂಗಳನ್ನೂ ಯಾರು ನಂಬಬೇಕು? 2020ರಲ್ಲಿ ಲಾಕ್‌ಡೌನ್ ಬಂದು ಐಟಿ ಹುಡುಗರು ಲ್ಯಾಪ್‌ಟಾಪ್ ಹಿಡಿದು ಊರಿಗೆ ಹೋದಾಗ ಮಾರತಹಳ್ಳಿ, ಬೆಳ್ಳಂದೂರಿನ ಗೇಟುಗಳ ಮೇಲೆಲ್ಲ ಟು-ಲೆಟ್ ಬೋರ್ಡು. ಬ್ಯಾಂಕು ಕೆಲವು ತಿಂಗಳು ಕಂತು ಕೇಳಲಿಲ್ಲ. ಬಡ್ಡಿಯ ಮೀಟರು ಮಾತ್ರ ನಿಲ್ಲಿಸಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಕೆರೆಗಳು ತಮ್ಮ ಹಳೇ ವಿಳಾಸ ಹುಡುಕಿಕೊಂಡು ಹೊರವರ್ತುಲ ರಸ್ತೆಯ ಲೇಔಟುಗಳಿಗೆ ಬಂದವು, ಕೋಟ್ಯಧಿಪತಿಗಳು ಟ್ರ್ಯಾಕ್ಟರಿನಲ್ಲಿ ಹೊರಬಂದರು. 2024ರ ಮಾರ್ಚಿನಲ್ಲಿ ಅದೇ ಕಡೆ ಕುಡಿಯುವ ನೀರಿಗೆ ತತ್ವಾರ. ಕಾವೇರಿ ನೀರಿನಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ. ಟ್ಯಾಂಕರಿನ ಖರ್ಚು ಹಂಚಲು ಕೂತ ಅಸೋಸಿಯೇಷನ್ ಸಭೆಗಳು ಕುರುಕ್ಷೇತ್ರವಾದವು. ಆ ವರ್ಷಗಳಲ್ಲೆಲ್ಲ ಯೂಟ್ಯೂಬಿನ ಗುರುಗಳು ಇದನ್ನು ನಿಷ್ಕ್ರಿಯ ಆದಾಯ ಎಂದೇ ಕರೆಯುತ್ತಿದ್ದರು. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ಓನರ್ರೇ, ಬಾತ್‌ರೂಮ್ ಬ್ಲಾಕ್ ಆಗಿದೆ" ಎನ್ನುವ ಬಾಡಿಗೆದಾರನಿಗೆ ಆ ನಿಷ್ಕ್ರಿಯತೆಯ ತತ್ವವನ್ನು ವಿವರಿಸುವುದು ಕಷ್ಟ.

ಬಾಡಿಗೆಯಿಂದ ಬದುಕಿದವರು ಬೆಂಗಳೂರಿನಲ್ಲಿ ಇಲ್ಲವೇ? ಧಾರಾಳವಾಗಿ ಇದ್ದಾರೆ. ಬಸವನಗುಡಿಯ ವಠಾರದಲ್ಲಿ ಆರು ಮನೆಗಳ ಬಾಡಿಗೆ ಎಣಿಸಿ ಮಕ್ಕಳನ್ನು ಓದಿಸಿದ ಅಜ್ಜಿಯರಿದ್ದರು. ಬಿಡಿಎ ಕೊಟ್ಟ ಮೂವತ್ತು-ನಲವತ್ತರ ಸೈಟಿನಲ್ಲಿ ಕೆಳಗೆ ತಾವಿದ್ದು ಮೇಲೆರಡು ಮನೆ ಬಾಡಿಗೆಗೆ ಬಿಟ್ಟು, ಪಿಂಚಣಿಯ ಜತೆ ಅದನ್ನೂ ಸೇರಿಸಿ ನೆಮ್ಮದಿಯಾಗಿರುವ ನಿವೃತ್ತ ಮೇಷ್ಟ್ರುಗಳಿದ್ದಾರೆ. ಅವರೆಲ್ಲ ಕೊಂಡದ್ದು ಬೆಲೆ ಏರುವ ಮುಂಚೆ, ಬಹುಪಾಲು ಸಾಲವಿಲ್ಲದೆ. ಬಾಡಿಗೆ ಸಾಕುವುದು ಮೊದಲು ಬಂದವರನ್ನು. ತಡವಾಗಿ ಬಂದವರನ್ನು ಸಾಕುವುದಿರಲಿ, ಅವರಿಂದ ಸಾಕಿಸಿಕೊಳ್ಳುತ್ತದೆ. ಷಡ್ಡಕರು ಮೇಷ್ಟ್ರ ಆದಾಯವನ್ನು ನೋಡಿ ಮೇಷ್ಟ್ರ ಕಾಲದ ಬೆಲೆಯನ್ನು ಮರೆತರು.

ನಮ್ಮೂರಿನವರದೇ ಆದ ಇನ್ನೊಂದು ಉಪಾಯವಿದೆ: ಭೋಗ್ಯ, ಈಗಿನವರ ಬಾಯಲ್ಲಿ ಲೀಸು. ಹದಿನೈದೋ ಇಪ್ಪತ್ತೋ ಲಕ್ಷ ಒಟ್ಟಿಗೆ ಕೊಟ್ಟವನು ಬಾಡಿಗೆಯಿಲ್ಲದೆ ಇರುತ್ತಾನೆ, ಬಿಡುವಾಗ ಅಷ್ಟನ್ನೂ ವಾಪಸು ಪಡೆಯುತ್ತಾನೆ. ಓನರು ಆ ಹಣದಲ್ಲಿ ಮೇಲಿನ ಮಹಡಿ ಎಬ್ಬಿಸುತ್ತಾನೆ. ಮೇಲಿನ ಮಹಡಿಯನ್ನೂ ಭೋಗ್ಯಕ್ಕೆ ಹಾಕಿ ಅದರ ಮೇಲಿನದನ್ನು. ಕೆಳಗಿನವನು ಬಿಡುತ್ತೇನೆ ಎಂದ ದಿನ ಅವನ ಹಣಕ್ಕೆ ಹೊಸ ಭೋಗ್ಯದವನನ್ನು ಹುಡುಕಬೇಕು. ಇವನ ಟೋಪಿ ಅವನ ತಲೆಗೆ, ಅವನದು ಇನ್ನೊಬ್ಬನ ತಲೆಗೆ. ತಲೆಗಳು ಸಿಗುತ್ತಿರುವ ತನಕ ಯಾರ ತಲೆಯೂ ಬರಿದಲ್ಲ. ಷಡ್ಡಕರ ಫ್ಲ್ಯಾಟಿಗಿಂತ ಇದು ವಾಸಿಯೆಂದು ನನಗೆ ಒಮ್ಮೊಮ್ಮೆ ಅನಿಸಿದ್ದುಂಟು. ಇಲ್ಲಿ ಹಣ ಓನರಿನ ಕಡೆಗಾದರೂ ಹರಿಯುತ್ತದೆ, ಸ್ವಲ್ಪ ಕಾಲವಾದರೂ.

ನ್ಯಾಯವಾಗಿ ಮಾತಾಡಬೇಕೆಂದರೆ ಷಡ್ಡಕರು ದುಡ್ಡು ಮಾಡಲೂಬಹುದು. ಆರಂಭದ ವರ್ಷಗಳ ಬಡ್ಡಿಯಿಂದ ಬಾಡಿಗೆ ಕಳೆದು, ಕೈತಪ್ಪಿದ ಠೇವಣಿ ಬಡ್ಡಿ ಕೂಡಿಸಿದರೆ ವರ್ಷಕ್ಕೆ ಐದೂಮುಕ್ಕಾಲು ಲಕ್ಷದ ಹತ್ತಿರ ಸೋರಿಕೆ. ಅಂದರೆ ಫ್ಲ್ಯಾಟಿನ ಬೆಲೆ ವರ್ಷಕ್ಕೆ ಶೇ 6ರಂತೆ ಏರಿದರೆ ಅಲ್ಲಿಗಲ್ಲಿಗೆ ಸಮ. ಸ್ಟಾಂಪು, ಚಿಮಣಿ ಇತ್ಯಾದಿಗೆ ಮೊದಲೇ ಹೋದ 13 ಲಕ್ಷ ಹುಟ್ಟಬೇಕಾದರೆ ಅದಕ್ಕೂ ಮೇಲೆ ಏರಬೇಕು. ಶೇ 10ರಂತೆ ಹತ್ತು ವರ್ಷ ಏರಿದರೆ ಷಡ್ಡಕರು ಗೆದ್ದರು. ಆಗ ಮಾರಿ, ಶೇ 12.5 ಬಂಡವಾಳ ಲಾಭದ ತೆರಿಗೆ ಕಟ್ಟಿ, ಉಳಿದದ್ದನ್ನು ಎಣಿಸಿಕೊಳ್ಳಬಹುದು. ಏರುವುದು ನೆಲದ ಬೆಲೆ, ಗೋಡೆಯದಲ್ಲ ಎಂಬ ಸಣ್ಣ ತೊಡಕೊಂದಿದೆ. 1,200 ಚದರಡಿಯ ಫ್ಲ್ಯಾಟಿನಲ್ಲಿ ಅವರ ಪಾಲಿನ ಅವಿಭಜಿತ ನೆಲ (ಯುಡಿಎಸ್) ಮುನ್ನೂರು ಚದರಡಿ ಇದ್ದರೆ ಪುಣ್ಯ. ಉಳಿದದ್ದೆಲ್ಲ ವರ್ಷ ವರ್ಷ ಹಳತಾಗುವ ಲಿಫ್ಟು, ಪೈಪು, ಈಜುಕೊಳ. ಆದರೂ ಗೆಲ್ಲಬಹುದು. ಜೂಜಿನಲ್ಲಿ ಗೆದ್ದವರು ಯಾರೂ ಇಲ್ಲ ಎಂದು ಶಕುನಿಯ ಮುಂದೆ ಹೇಳಲಾದೀತೆ? ನನ್ನ ತಕರಾರು ಇಷ್ಟೇ: ಇದು ಬೆಲೆಯ ಮೇಲೆ ಕಟ್ಟಿದ ಪಣ. ಅದಕ್ಕೆ ತಿಂಗಳ ಆದಾಯದ ಮಡಿಪಂಚೆ ಉಡಿಸಿ ಕೂರಿಸಿದ್ದೇವೆ. ಮುಂದಿನ ಹತ್ತು ವರ್ಷ ಬೆಲೆ ಒಂದು ರೂಪಾಯಿಯೂ ಏರುವುದಿಲ್ಲ, ಬಾಡಿಗೆ ಮಾತ್ರ ಬರುತ್ತದೆ ಅಂದರೆ ಈ ಫ್ಲ್ಯಾಟ್ ಕೊಳ್ಳುತ್ತೀರಾ ಎಂದು ಷಡ್ಡಕರನ್ನು ಕೇಳಿದೆ. ಅವರು ನನ್ನನ್ನು ಮನೆಯಲ್ಲಿ ಅಪಶಕುನ ನುಡಿದವನಂತೆ ನೋಡಿದರು.

ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರೆ. ಷಡ್ಡಕರ ಒಂದು ಫ್ಲ್ಯಾಟಿನಿಂದ ಸರ್ಕಾರಕ್ಕೆ ಸ್ಟಾಂಪು, ಬ್ಯಾಂಕಿಗೆ ಇಪ್ಪತ್ತು ವರ್ಷದಲ್ಲಿ 81 ಲಕ್ಷ ಬಡ್ಡಿ, ಬಿಲ್ಡರನಿಗೆ ಲಾಭ, ಬ್ರೋಕರನಿಗೆ ಎರಡೂ ಕಡೆಯಿಂದ ಕಮಿಷನ್ನು, ಬಾಡಿಗೆದಾರನಿಗೆ ಅಗ್ಗದ ಮನೆ. ಆದರೆ ಊರಿಗೂ ಇದು ಪೂರ್ತಿ ಉಪಕಾರವಲ್ಲ. ಅದೇ ಫ್ಲ್ಯಾಟನ್ನು ವಾಸಕ್ಕೆಂದು ಕೊಳ್ಳಬೇಕೆಂದಿದ್ದ ಒಬ್ಬ ಬ್ಯಾಂಕ್ ಗುಮಾಸ್ತನೋ ನರ್ಸಮ್ಮನೋ ಇದ್ದಿರುತ್ತಾರೆ. ಷಡ್ಡಕರಂಥವರು ಎರಡೆರಡು, ಮೂರುಮೂರು ಎತ್ತುತ್ತಾ ಹೋದಂತೆ ಬೆಲೆ ಅವರ ಕೈಗೆ ಎಟುಕದಂತಾಯಿತು. ಕೊಳ್ಳಲಾಗದವರು ಬಾಡಿಗೆಗೆ ಬಂದರು, ಬಂದು ಷಡ್ಡಕರ ಬಾಗಿಲಲ್ಲೇ ನಿಂತರು, ಪಿಯುಸಿ ಅಂಕಪಟ್ಟಿ ಹಿಡಿದುಕೊಂಡು. ದಾನ ಕೊಡುವುದಷ್ಟೇ ಅಲ್ಲ, ದಾನಕ್ಕೆ ಕೈಯೊಡ್ಡುವವರನ್ನು ತಯಾರಿಸುವ ಕೆಲಸವನ್ನೂ ನಮ್ಮ ಕರ್ಣರೇ ವಹಿಸಿಕೊಂಡಿದ್ದಾರೆ.

ಮೊನ್ನೆ ಷಡ್ಡಕರು ಫೋನ್ ಮಾಡಿ ಮೂರನೇ ಫ್ಲ್ಯಾಟಿಗೆ ಟೋಕನ್ ಅಡ್ವಾನ್ಸ್ ಕೊಟ್ಟೆ ಎಂದರು. ಮೊದಲೆರಡರಲ್ಲಿ ಬೀಳುತ್ತಿರುವ ಖೋತಾ ಇದರ ಬಾಡಿಗೆಯಲ್ಲಿ ಸರಿಹೋಗುತ್ತದಂತೆ. ನಾನು ಮಾತು ಬದಲಿಸಲು, "ಇಷ್ಟೆಲ್ಲಾ ಕೊಳ್ತಿದ್ದೀರಿ, ನೀವು ಇರೋ ಆ ಜಯನಗರದ ಬಾಡಿಗೆ ಮನೇನೇ ಕೊಂಡುಕೊಳ್ಳಬಾರದಾ? ಓನರು ಮಾರ್ತೀನಿ ಅಂದ್ರಂತಲ್ಲ" ಎಂದೆ.

"ಏನು ಭಾವ ನೀವು!" ಎಂದು ನಕ್ಕರು. "ಅದಕ್ಕೆ ಎರಡೂವರೆ ಕೋಟಿ ಹೇಳ್ತಾರೆ. ನಲವತ್ತೈದು ಸಾವಿರಕ್ಕೆ ಬಾಡಿಗೆಗೆ ಸಿಕ್ಕಿರೋವಾಗ ಅಷ್ಟು ದುಡ್ಡು ಸುರಿದು ಕೊಳ್ಳೋಕೆ ನನಗೇನು ತಲೆ ಕೆಟ್ಟಿದೆಯಾ?"